ಅಣ್ಣನ ಕೊಳವೆಗೆ ನಾ ಸುತ್ತಿದ ಕಾಯಿಲ್

ನಾನು ಮೋಟರಿಗೆ ಕಾಯಿಲ್ ಸುತ್ತುವವಳು. ತಾವರಗೇರಾದ ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ ಮುಂದೆ ನಮ್ಮ ವೈಂಡಿಂಗ್ ಅಂಗಡಿ. ಸುಟ್ಟ ಪಂಪನ್ನು ಬೋರಿನಿಂದ ಎತ್ತಿ ತರುವುದು, ರಿಪೇರಿಯಾದ ಮೇಲೆ ಮತ್ತೆ ಇಳಿಸುವುದು ನಮ್ಮ ಮನೆಯವರ ಕೆಲಸ. ಒಳಗಿನ ಕರಕಲು ತಂತಿ ಕಿತ್ತು, ಹೊಸ ತಂತಿ ಸುತ್ತಿ ಕೂರಿಸುವುದು ನನ್ನದು. ಬೋರ್ಡಿನ ಮೇಲೆ ಅವರ ಹೆಸರಿದೆ, ಖರೆ. ಆದರೆ ಗಿರಾಕಿಗಳು ಬಂದವರೇ "ಅಕ್ಕಾರು ಅದಾರೇನ್ರಿ?" ಎಂದು ಕೇಳುತ್ತಾರೆ. ಜಂಬ ಎನ್ನಿ, ಸೊಕ್ಕು ಎನ್ನಿ, ಆ ಮಾತು ಕೇಳಿದರೆ ನನಗೆ ಇವತ್ತಿಗೂ ಹೊಟ್ಟೆ ತುಂಬುತ್ತದೆ.

ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಒಂದು ಮುಂಜಾನೆ ನನ್ನ ಅಣ್ಣ ಬಂದ. ಅವನಿರುವುದು ಶ್ರೀರಾಮನಗರದಲ್ಲಿ, ಅಕ್ಕಿ ಗಿರಣಿಯೊಂದರಲ್ಲಿ ಮಷಿನ್ ನೋಡಿಕೊಳ್ಳುವ ಕೆಲಸ. ನನಗಿಂತ ಆರು ವರ್ಷ ದೊಡ್ಡವನು. ನಾನು ಚಿಕ್ಕವಳಿದ್ದಾಗಿನಿಂದ ಅವನ ಬೆರಳ ಸಂದಿಯಲ್ಲಿ ಸಿಗರೇಟು ನೋಡುತ್ತಲೇ ಬಂದಿದ್ದೇನೆ. ಈಚೆಗೆ ಕೆಮ್ಮು ಹತ್ತಿತ್ತು. ಕೆಮ್ಮು ಅಂದರೆ ಎಂಥದ್ದು! ಫೋನಿನಲ್ಲಿ ಮಾತಾಡುವಾಗ ಅರ್ಧ ಹೊತ್ತು ನಾನು ಸುಮ್ಮನೆ ಕಾಯಬೇಕಿತ್ತು. ಕೊಪ್ಪಳದ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ, "ಸಿಗರೇಟ್ ಬಿಟ್ಟು ಬರ್ರಿ, ಇಲ್ಲಂದ್ರ ನಾ ಕೊಡೂ ಔಷಧಾ ನೀರಾಗ ಹಾಕಿದಂಗ" ಎಂದಿದ್ದರಂತೆ. ಚಟ ಬಿಡಿಸಲು ಅಗಿಯುವ ಗೋಲಿ ಬರೆದುಕೊಟ್ಟಿದ್ದರು. ಅಣ್ಣ ಅದನ್ನು ಎರಡು ದಿನ ಅಗಿದು, ಬಾಯಿ ಉರಿಯಿತೆಂದು ಉಗುಳಿದ. ಮೂರು ಸಲ ಬಿಟ್ಟ, ಮೂರು ಸಲವೂ ಹಿಡಿದ. ಹೆಚ್ಚೆಂದರೆ ಹನ್ನೊಂದು ದಿನ ತಡೆದಿದ್ದ.

ಆ ಮುಂಜಾನೆ ಮಾತ್ರ ಅವನ ಮುಖ ಬೇರೆಯೇ ಇತ್ತು. ಚಹಾ ಕೂಡ ಕೇಳಲಿಲ್ಲ. ಅಂಗಿಯ ಒಳಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ್ದ ಒಂದು ಸಾಮಾನು ತೆಗೆದು ನನ್ನ ಟೇಬಲ್ ಮೇಲೆ ನಿಲ್ಲಿಸಿದ.

"ತಂಗೆವ್ವ, ಇದಕ್ಕೊಂದು ಕಾಯಿಲ್ ಸುತ್ತಿ ಕೊಡು."

ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನೆಯ ತಾಮ್ರದ ಕೊಳವೆ. ಕೆಳಗೊಂದು ಗುಂಡಿ, ಮೇಲೊಂದು ಸಣ್ಣ ಬಟ್ಟಲು, ಬಟ್ಟಲ ಮೇಲೆ ಬಾಯಿಗಿಟ್ಟುಕೊಳ್ಳುವ ನಳಿಕೆ. ಸಿಗರೇಟಿನ ಬದಲು ಎಳೆಯುವ ವೇಪ್ ಅಂತೆ. ಅಣ್ಣನ ಗೆಳೆಯನೊಬ್ಬ ದುಬೈಯಲ್ಲಿ ದುಡಿದು ವಾಪಸು ಬಂದವನು, ತಾನು ಬಳಸುತ್ತಿದ್ದುದನ್ನು ಇವನಿಗೆ ಕೊಟ್ಟಿದ್ದ. ಜೊತೆಗೆ ಅರ್ಧ ಖಾಲಿಯಾದ ನಿಕೋಟಿನ್ ರಸದ ಸೀಸೆ, ಸ್ವಲ್ಪ ಅರಳೆ, ಎರಡು ಸಣ್ಣ ಉರುಳೆ ತಂತಿ: ಒಂದು ದಪ್ಪ, ಒಂದು ತೆಳು. ಕಾಯಿಲ್ ಸುಟ್ಟುಹೋಗಿತ್ತು. ಬ್ಯಾಟರಿ ಇರಲೇ ಇಲ್ಲ.

"ಇದನ್ನ ನಮ್ಮಲ್ಲಿ ಮಾರೂ ಹಂಗಿಲ್ಲ ಅಂತಾರಲ್ಲೋ ಮಾರಾಯ," ಎಂದರು ನಮ್ಮ ಮನೆಯವರು, ಪಂಪಿನ ಬೋಲ್ಟು ಬಿಚ್ಚುತ್ತಲೇ.

"ನಾ ಏನ್ ಮಾರಾಕತ್ತೇನ್ರಿ? ಸಿಗರೇಟ್ ಬಿಡಾಕತ್ತೇನಿ. ಅಂಗಡ್ಯಾಗ ಕಾಯಿಲ್ ಸಿಗೂದಿಲ್ಲ, ಅದಕ್ಕ ತಂಗಿ ಕಡಿ ಬಂದೀನಿ."

ತಂಗಿ ಕಡೆ ಬಂದೀನಿ! ಅಷ್ಟು ಸಾಕಿತ್ತು ನನಗೆ. ಕೈಯಲ್ಲಿದ್ದ ಕೆಲಸ ಬದಿಗೆ ಸರಿಸಿ ಆ ಕೊಳವೆಯನ್ನು ಬಿಚ್ಚಿಯೇ ಬಿಟ್ಟೆ. ಒಳಗೆ ಏನೂ ಇಲ್ಲ! ಸರ್ಕ್ಯೂಟ್ ಇಲ್ಲ, ಫ್ಯೂಸ್ ಇಲ್ಲ, ಒಂದು ವೈರೂ ಇಲ್ಲ. ಬ್ಯಾಟರಿಯ ತಲೆ ಮೇಲೆ ಕಾಯಿಲಿಗೆ ಮುಟ್ಟುತ್ತದೆ, ಬುಡ ಕೆಳಗಿನ ಗುಂಡಿಗೆ. ಗುಂಡಿ ಒತ್ತಿದರೆ ಕೊಳವೆಯ ಮೈಯಿಂದಲೇ ಕರೆಂಟು ಹರಿದು ಕಾಯಿಲ್ ಕಾಯುತ್ತದೆ, ಅರಳೆಯಲ್ಲಿನ ರಸ ಆವಿಯಾಗುತ್ತದೆ. ಬಿಟ್ಟರೆ ಬಂದ್. ಇಷ್ಟೇ. ಬಚ್ಚಲು ಮನೆಯ ಸ್ವಿಚ್ಚಿಗಿಂತ ಸರಳ. ನನಗೆ ನಗು ಬಂತು. ಹತ್ತು ಎಚ್‌ಪಿ ಮೋಟರ್ ಸುತ್ತಿದ ಕೈ ಇದು, ಈ ಗೇಣುದ್ದದ ತಂತಿ ಯಾವ ಲೆಕ್ಕ?

ಮಧ್ಯಾಹ್ನದೊಳಗೆ ಶ್ರೀರಾಮನಗರದಿಂದ ನಮ್ಮ ವೈನಿಯ ಫೋನ್ ಬಂತು. ಅಣ್ಣನ ಹೆಂಡತಿ, ಮಾತು ಕಡಿಮೆ, ಆಡಿದರೆ ತೂಕದ ಮಾತು. "ನೀ ಮಾಡಿ ಕೊಟ್ರ ನನಗ ಧೈರ್ಯ ಐತಿ. ಅದು ಬಾಯಿ ಮುಂದ ಹಿಡಿಯೂ ಸಾಮಾನು ಐತವಾ, ನೋಡಿ ಮಾಡು" ಎಂದಳು. "ನೀವೇನ್ ಚಿಂತಿ ಮಾಡಬ್ಯಾಡ್ರಿ ವೈನಿ" ಎಂದು ನಾನು ಬಾಯಿ ತುಂಬ ಹೇಳಿದೆ. ಹೇಳಿದವಳು ಯಾರು? ನಾನೇ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಾನು ಮಾಡಿದ ತಪ್ಪೇನು ಎಂದು ತಿಳಿಯಬೇಕಾದರೆ ನಮ್ಮ ಕಸುಬಿನ ಒಂದು ರೂಢಿ ತಿಳಿಯಬೇಕು. ಮೋಟರಿಗೆ ಇಂಥ ನಂಬರಿನ ದಪ್ಪ ತಂತಿಯೇ ಬೇಕೆಂದು ಇರುತ್ತದೆ. ಒಮ್ಮೊಮ್ಮೆ ಆ ನಂಬರು ಅಂಗಡಿಯಲ್ಲಿ ಇರುವುದಿಲ್ಲ. ರೈತ ಬಾಗಿಲಲ್ಲಿ ನಿಂತಿರುತ್ತಾನೆ, ಬೆಳೆ ಬಾಡುತ್ತಿರುತ್ತದೆ. ಆಗ ತೆಳು ತಂತಿಯ ಎರಡು ಎಳೆ ಜೋಡಿಸಿ ಒಟ್ಟಿಗೆ ಸುತ್ತುತ್ತೇವೆ. ಎರಡು ಎಳೆ ಕೂಡಿದರೆ ಒಂದು ದಪ್ಪ ತಂತಿಗೆ ಸಮ. ಮೋಟರ್ ತಣ್ಣಗೆ ಓಡುತ್ತದೆ. ತಂತಿ ದಪ್ಪ ಇದ್ದಷ್ಟೂ, ಮೀಟರಿನ ಮುಳ್ಳು ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು ಎಂಬುದು ಹದಿನೈದು ವರ್ಷದಿಂದ ನನ್ನ ಬೆರಳಿಗೆ ಹತ್ತಿದ ಪಾಠ. ತೆಳು ತಂತಿ ಹಾಕುವವರನ್ನು ನಾವು ಕಳ್ಳರೆಂದೇ ಕರೆಯುತ್ತೇವೆ.

ಸರಿ, ಅಣ್ಣನಿಗೆ ಕಳ್ಳ ಕೆಲಸ ಮಾಡಿ ಕೊಡಲಾದೀತೇ? ಎರಡು ಉರುಳೆಗಳಲ್ಲಿ ದಪ್ಪನೆಯದನ್ನೇ ಆರಿಸಿದೆ. ಅದರಲ್ಲೂ ಎರಡು ಎಳೆ ಜೋಡಿಸಿದೆ. ಒಂದು ಸಣ್ಣ ಸ್ಕ್ರೂಡ್ರೈವರಿನ ಕಡ್ಡಿಯ ಮೇಲೆ ಐದು ಸುತ್ತು ಹಾಕಿದೆ. ಆಹಾ, ಎಂಥ ಕಾಯಿಲ್ ಬಂತು ಅಂತೀರಿ! ಒಂದಕ್ಕೊಂದು ತಾಗಿ ಕೂತ ಸುತ್ತುಗಳು, ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆ ಇಲ್ಲ. ಮೀಟರಿಗೆ ಹಿಡಿದೆ. ಸೊನ್ನೆಯ ಹತ್ತಿರವೇ ನಿಂತಿತು. "ನೋಡು, ನಂಬರ್ ಒನ್!" ಎಂದು ಅಣ್ಣನಿಗೆ ತೋರಿಸಿದೆ. ಅವನಿಗೇನು ತಿಳಿಯುತ್ತದೆ, ಅವನೂ "ನಂಬರ್ ಒನ್" ಎಂದ.

ಬ್ಯಾಟರಿ ಬೇಕಲ್ಲ. ನಮ್ಮ ಕಪಾಟಿನಲ್ಲಿ ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯೊಂದು ಬಿದ್ದಿತ್ತು. ಅದನ್ನು ಒಡೆದರೆ ಒಳಗೆ ಆರು ಗುಂಡು ಸೆಲ್ಲುಗಳು. ಅಳತೆ ಬರೋಬ್ಬರಿ, ಕೊಳವೆಗೆಂದೇ ಮಾಡಿದಂತಿದ್ದವು. ಒಂದನ್ನು ಆರಿಸಿ ಚಾರ್ಜ್ ಮಾಡಿದೆ. ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆ ಒಂದು ಕಡೆ ಚೂರು ಹರಿದಿತ್ತು. ಹರಿದರೇನು, ಒಳಗಿನ ಕರೆಂಟಿಗೆ ಅಂಗಿ ಯಾಕೆ ಎಂದುಕೊಂಡೆ.

ಮಧ್ಯಾಹ್ನ ಮೂರರ ಹೊತ್ತಿಗೆ ಎಲ್ಲ ಕೂಡಿಸಿ ಅಣ್ಣನ ಕೈಗೆ ಕೊಟ್ಟೆ. ಅರಳೆ ಹಾಕಿರಲಿಲ್ಲ, ಬರೀ ಕಾಯಿಲ್ ನೋಡಲೆಂದು. ಅವನು ಗುಂಡಿ ಒತ್ತಿದ್ದೇ ತಡ, ಕಾಯಿಲ್ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಂಡವಾಯಿತು!

"ಅಬಾಬಾಬಾ! ತಂಗೆವ್ವ, ಕೆಂಪಗಾತು ನೋಡಽ!" ಎಂದು ಅಣ್ಣ ಕೂಗಿದ. ನಾನು ಚಪ್ಪಾಳೆ ಹೊಡೆದೆ. ನಮ್ಮ ಮನೆಯವರೂ ಸ್ಪ್ಯಾನರ್ ಬಿಟ್ಟು ಬಂದು ಬಗ್ಗಿ ನೋಡಿದರು. ಐವತ್ತಕ್ಕೆ ಹತ್ತಿರವಾದ ಮನುಷ್ಯ, ಗಾಳಿಪಟ ಸಿಕ್ಕವನಂತೆ ಕುಣಿಯುತ್ತಿದ್ದ. ಅವನು ಅಷ್ಟು ಖುಷಿಪಟ್ಟದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಇನ್ನು ಸಿಗರೇಟು ಬಿಟ್ಟಂತೆಯೇ, ಇನ್ನು ಕೆಮ್ಮು ಹೋದಂತೆಯೇ ಎಂದುಕೊಂಡೆ.

ಅರಳೆ ತುರುಕಿ ರಸ ಹನಿಸಿದೆವು. ಅವನು ನಳಿಕೆಯನ್ನು ತುಟಿಗೆ ತಂದ. ಆಗ ನಾನು ಅದನ್ನು ಅವನ ಕೈಯಿಂದ ಕಿತ್ತುಕೊಂಡೆ.

ಎಚ್ಚರಿಕೆಯಿಂದ ಕಿತ್ತುಕೊಂಡೆ ಎಂದು ಹೇಳಿದರೆ ನನಗೆ ಮರ್ಯಾದೆ. ಆದರೆ ಖರೆ ಹೇಳಬೇಕಲ್ಲ. ನನ್ನ ಕಾಯಿಲ್ ಕೆಲಸ ಮಾಡುವುದನ್ನು ನಾನೇ ಮೊದಲು ಕಣ್ತುಂಬ ನೋಡಬೇಕೆಂಬ ಆಸೆ. "ತಡಿಯೋ, ಎಷ್ಟೊತ್ತು ತಡೀತೈತಿ ನೋಡೂಣು" ಎಂದು ಅದನ್ನು ಬಾಗಿಲ ಬಳಿಯ ಶಿಕಂಜೆಗೆ, ಅಂದರೆ ಸಾಮಾನು ಬಿಗಿಹಿಡಿಯುವ ನಮ್ಮ ಕಬ್ಬಿಣದ ಇಕ್ಕಳಕ್ಕೆ, ಸಿಕ್ಕಿಸಿ ತಿರುಪು ಬಿಗಿದೆ. ಗುಂಡಿ ಒಳಗೊತ್ತಿ ನಿಂತಿತು. ಆವಿ ಬುಸ್ಸೆಂದು ಎದ್ದಿತು. ಒಂದು, ಎರಡು, ಮೂರು ಎಂದು ಅಣ್ಣ ಎಣಿಸತೊಡಗಿದ.

ಹತ್ತು ಎನ್ನುವುದರೊಳಗೆ ಅರಳೆ ಸುಟ್ಟ ಕಮಟುವಾಸನೆ ಬಂತು. ತಿರುಪು ಸಡಿಲಿಸಿದೆ. ಗುಂಡಿ ಮೇಲೆ ಬರಲಿಲ್ಲ! ಒಳಗಿನ ಸ್ಪ್ರಿಂಗ್ ಕಾದು ಮೆತ್ತಗಾಗಿ ಕೂತುಬಿಟ್ಟಿತ್ತು. ಕೊಳವೆ ಮುಟ್ಟಿದೆ, ಬೆರಳು ಚುರ್ರೆಂದಿತು. "ಸರೀರಿ, ಸರೀರಿ ಎಲ್ಲಾರು!" ಎಂದು ನಮ್ಮ ಮನೆಯವರು ನನ್ನನ್ನು ನೂಕಿ, ಕೈ ಇಕ್ಕಳದಲ್ಲಿ ಅದನ್ನು ಹಿಡಿದು, ಪಕ್ಕದ ಮನೆ ಕಟ್ಟಲು ಹಾಕಿದ್ದ ಮರಳಿನ ಗುಡ್ಡೆಗೆ ಬೀಸಿ ಒಗೆದರು. ಬಿದ್ದ ಮೇಲೆ ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಕುಕ್ಕರ್ ಸೀಟಿ ಹೊಡೆದಂತೆ ಸುಂಯ್ ಎಂದು ಕರಿ ಹೊಗೆ, ಅದರ ಹಿಂದೆಯೇ ಬೆಂಕಿಯ ನಾಲಿಗೆ. ಮರಳು ಕಪ್ಪಾಯಿತು.

ಅಣ್ಣ ತನ್ನ ತುಟಿಯನ್ನು ಬೆರಳಿಂದ ಮುಟ್ಟಿ ನೋಡಿಕೊಂಡ.

"ಇದು ನನ್ನ ಬಾಯಾಗ ಇರತಿತ್ತಲ್ಲವಾ," ಎಂದ ಮೆಲ್ಲಗೆ.

ನಾನು ಅಲ್ಲೇ ಪಂಪಿನ ಮೇಲೆ ಕೂತೆ. ನಮ್ಮ ಮನೆಯವರು ಅದರ ಮೇಲೆ ಇನ್ನಷ್ಟು ಮರಳು ಎಳೆದು ಹಾಕಿದರು. ಹದಿನೈದು ವರ್ಷದಲ್ಲಿ ನನ್ನ ಕೈಯಿಂದ ಮೋಟರುಗಳು ಸುಟ್ಟಿವೆ, ಇಲ್ಲವೆನ್ನುವುದಿಲ್ಲ. ಮನುಷ್ಯರ ಮುಖದ ಮುಂದೆ ಯಾವುದೂ ಸುಟ್ಟಿರಲಿಲ್ಲ. ಅಣ್ಣ ಹೊರಗೆ ಹೋಗಿ ಒಂದು ಸಿಗರೇಟು ಹಚ್ಚಿದ. ನಾನು ಬೇಡ ಎನ್ನಲಿಲ್ಲ. ಯಾವ ಬಾಯಿಂದ ಎನ್ನಲಿ?

ಹೋಗುವಾಗ ಅವನೇ ಹೇಳಿದ. "ನೀ ಮನಸಿಗೆ ಹಚ್ಕೋಬ್ಯಾಡ. ಇನ್ನೊಂದು ಮಾಡು. ನಿನ್ನ ಮ್ಯಾಲ ನನಗ ಭರೋಸಾ ಐತಿ. ಹತ್ತು ದಿನ ಬಿಟ್ಟು ಬರ್ತೀನಿ." ಭರೋಸಾ! ಸುಟ್ಟ ಮರಳಿನ ಪಕ್ಕದಲ್ಲಿ ನಿಂತು ಆ ಮಾತಾಡುತ್ತಾನಲ್ಲ, ಇವನೊಬ್ಬ ಹುಚ್ಚ ಎಂದು ಸಿಟ್ಟೂ ಬಂತು, ಅಳುವೂ ಬಂತು.

ಮರುದಿನವೇ ನಾನು ಕುಷ್ಟಗಿಯ ಬಸ್ ಹತ್ತಿದೆ. ಅಲ್ಲಿ ಬ್ಯಾಟರಿ ರಿಪೇರಿ ಮಾಡುವ ಒಬ್ಬ ಹಿರಿಯರಿದ್ದಾರೆ. ಔಷಧ ಹೊಡೆಯುವ ಬ್ಯಾಟರಿ ಪಂಪು, ಕರೆಂಟಿನ ಸ್ಕೂಟರು, ಎಲ್ಲದರ ಬ್ಯಾಟರಿಯೂ ಅವರ ಕೈ ದಾಟಿ ಹೋಗಬೇಕು. ಕನ್ನಡಕ ಹಣೆಯ ಮೇಲೆ, ಬಾಯಲ್ಲಿ ಎಲೆ ಅಡಿಕೆ. ಸುಟ್ಟ ಸೆಲ್ಲನ್ನೂ ಜೋಡಿ ಎಳೆಯ ಕಾಯಿಲನ್ನೂ ಅವರ ಮುಂದಿಟ್ಟು ನಡೆದದ್ದೆಲ್ಲ ಹೇಳಿದೆ. ಅವರು ಕಾಯಿಲ್ ಎತ್ತಿ ನೋಡಿ, ನನ್ನ ಮುಖ ನೋಡಿದರು.

"ವೈಂಡಿಂಗ್ ಮಂದಿ ಏನವಾ ನೀವು?"

"ಹೌದ್ರಿ. ಹೆಂಗ ಗೊತ್ತಾತ್ರಿ?"

"ಜೋಡಿ ಎಳಿ ಮತ್ಯಾರು ಹಾಕ್ತಾರ? ಕೈ ಭಾಳ ಛಲೋ ಐತಿ. ತಲಿ ಓಡಿಸಿಲ್ಲ."

ಎಲಾ ಇವರ! ಬೇರೆಯವರು ಅಂದಿದ್ದರೆ ಅಲ್ಲೇ ನಾಲ್ಕು ಮಾತು ಕೇಳಿಸಿ ಬರುತ್ತಿದ್ದೆ. ಅವತ್ತು ನುಂಗಿಕೊಂಡೆ.

ಅವರು ಕೇಳಿದ ಒಂದೇ ಪ್ರಶ್ನೆ ನನ್ನ ಕಣ್ಣು ತೆರೆಸಿತು. "ನಿಮ್ಮ ಮೋಟರಿಗೆ ಕರೆಂಟ್ ಎಲ್ಲಿಂದ ಬರತೈತಿ?" "ಕಂಬದಿಂದ್ರಿ." "ಕಂಬಕ್ಕ ಎಷ್ಟು ಕೇಳಿದ್ರೂ ಕೊಡತೈತಿ. ಈ ಸೆಲ್ಲಿಗೆ? ಎರಡು ಇಂಚ್ ನೀರಿರೂ ಬೋರಿಗೆ ಹತ್ತು ಎಚ್‌ಪಿ ಪಂಪ್ ಇಳಿಸಿದ್ರ ಏನಾಗತೈತಿ, ಹೇಳು."

ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರು ಹೇಳಬೇಕು? ನೀರು ಸಾಲದೆ ಸುಟ್ಟ ಅಂಥ ಪಂಪು ವಾರಕ್ಕೆರಡು ನನ್ನ ಟೇಬಲ್ಲಿಗೆ ಬರುತ್ತವೆ. ದಪ್ಪ ತಂತಿ, ಅದರಲ್ಲೂ ಜೋಡಿ ಎಳೆ, ಐದೇ ಸುತ್ತು. ತಡೆಯುವುದು ಏನೂ ಇಲ್ಲ, ಅಂದಮೇಲೆ ಕರೆಂಟು ಕಟ್ಟೆಯೊಡೆದಂತೆ ಹರಿಯುತ್ತದೆ. ಕಾಯಿಲ್ ತಾಳಿಕೊಂಡಿತು. ಕೊಡುವ ಬ್ಯಾಟರಿ ತಾಳಿಕೊಳ್ಳಲಿಲ್ಲ. ಹದಿನೈದು ವರ್ಷ ನಾನು ತಂತಿಯ ಕಷ್ಟವನ್ನಷ್ಟೇ ನೋಡಿದವಳು. ಕರೆಂಟು ಕೊಡುವವನ ಕಷ್ಟವನ್ನು ಒಂದು ದಿನವೂ ಕೇಳಿದವಳಲ್ಲ.

ಹಿರಿಯರು ಒಂದು ಹಾಳೆ ತೆಗೆದು ಬರೆದರು. ತುಂಬಿದ ಸೆಲ್ಲಿನ ವೋಲ್ಟು ನಾಲ್ಕು ಪಾಯಿಂಟ್ ಎರಡು. ಅದನ್ನು ಕಾಯಿಲಿನ ಓಮ್‌ನಿಂದ ಭಾಗಿಸು. ಬಂದದ್ದು ಎಷ್ಟು ಆಂಪಿಯರ್ ಎಳೆಯುತ್ತದೆ ಎಂಬ ಲೆಕ್ಕ. ನನ್ನ ಜೋಡಿ ಎಳೆ ಅವರ ಮೀಟರಿನಲ್ಲಿ ಪಾಯಿಂಟ್ ಎರಡಕ್ಕೆ ನಿಂತಿತ್ತು. ಭಾಗಿಸಿದೆ. ಇಪ್ಪತ್ತೊಂದು! "ಈ ಲ್ಯಾಪ್‌ಟಾಪ್ ಸೆಲ್ ಹೊಸಾದಿದ್ದಾಗ ನಾಕೈದು ಕೊಟ್ರ ಹೆಚ್ಚು. ಅದು ಮುದುಕ ಆಗಿತ್ತು, ಮ್ಯಾಲ ಅಂಗಿನೂ ಹರದಿತ್ತು" ಎಂದರು. ಆ ಅಂಗಿಯೇ ಜೀವ ಉಳಿಸುವುದಂತೆ. ಸೆಲ್ಲಿನ ತಲೆಯೊಂದನ್ನು ಬಿಟ್ಟರೆ ಮೈಯೆಲ್ಲ ಇನ್ನೊಂದು ತುದಿ. ತಾಮ್ರದ ಕೊಳವೆಯಲ್ಲಿ ತಲೆಯ ಹತ್ತಿರ ಹೊದಿಕೆ ಹರಿದರೆ, ತಲೆಯ ಸುತ್ತ ಇರುವ ಉಂಗುರದಂಥ ಹಾಳೆ ಕಿತ್ತುಹೋದರೆ, ಗುಂಡಿ ಒತ್ತದಿದ್ದರೂ ಶಾರ್ಟ್ ಆಗಬಹುದು. ಕೀಲಿಕೈ ಇರುವ ಜೇಬಿನಲ್ಲಿ ಬಿಡಿ ಸೆಲ್ ಹಾಕಿಕೊಂಡರೂ ಅದೇ ಗತಿ.

ಆಮೇಲೆ ಅವರು ಡಬ್ಬಿಯಿಂದ ಎರಡು ಸೆಲ್ ತೆಗೆದು ನನ್ನ ಎರಡೂ ಅಂಗೈಗೆ ಒಂದೊಂದು ಇಟ್ಟರು. ಒಂದರ ಮೇಲೆ ಬಂಗಾರದ ಬಣ್ಣದಲ್ಲಿ ಒಂಬತ್ತು ಸಾವಿರ ಚಿಲ್ಲರೆ ಎಂಎಎಚ್ ಎಂದು ದೊಡ್ಡ ಅಂಕಿ. ಇನ್ನೊಂದರ ಮೇಲೆ ಎರಡು ಸಾವಿರದ ಐನೂರು. "ಯಾವುದು ತಗೋತಿ?" ನಾನು ದೊಡ್ಡ ಅಂಕಿಯಿದ್ದ ಕೈಯನ್ನು ಮುಂದೆ ಚಾಚಿ, ತಕ್ಷಣ ತಡೆದೆ. ಅದು ಹಗುರ ಇತ್ತು! ಹಿರಿಯರು ನಕ್ಕರು. ಸುಳ್ಳು ಅಂಕಿ, ಒಳಗೆ ಅರ್ಧ ಪೊಳ್ಳು. ಎಷ್ಟು ಹೊತ್ತು ಬರುತ್ತದೆ ಎಂಬ ಅಂಕಿ ಒಂದು, ಒಮ್ಮೆಗೆ ಎಷ್ಟು ಆಂಪಿಯರ್ ಕೊಡಬಲ್ಲದು ಎಂಬ ಅಂಕಿ ಬೇರೊಂದು. ಎರಡನೆಯದನ್ನು ನೋಡಿ ಆರಿಸಬೇಕು, ಎಳೆಯುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಕೊಡಬಲ್ಲದ್ದನ್ನೇ ಆರಿಸಬೇಕು. ತೂಕ ಇದ್ದದ್ದನ್ನು, ಹೊಸದನ್ನು, ಇಪ್ಪತ್ತು ಆಂಪಿಯರ್ ಕೊಡಬಲ್ಲದ್ದನ್ನು ಅವರು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕೊಟ್ಟರು.

"ಇಪ್ಪತ್ತು ಕೊಡತೈತಿ ಅಂತ ಇಪ್ಪತ್ತೂ ಎಳಿಬ್ಯಾಡ ಮತ್ತ," ಎಂದರು ನಾನು ಮೆಟ್ಟಿಲಿಳಿಯುವಾಗ.

"ಮೂರಕ್ಕ ನಿಲ್ಲಸ್ತೀನ್ರಿ!" ಎಂದು ರಸ್ತೆಯಿಂದಲೇ ಕೂಗಿದೆ.

ಬಸ್ಸಿನಲ್ಲಿ ಕೂತು ಆ ಹಾಳೆಯ ಹಿಂಬದಿ ತುಂಬ ಭಾಗಾಕಾರ ಮಾಡಿದೆ. ಪಾಯಿಂಟ್ ಐದು ಓಮ್ ಆದರೆ ಎಷ್ಟು, ಒಂದು ಆದರೆ ಎಷ್ಟು, ಒಂದೂವರೆ ಆದರೆ ಎಷ್ಟು. ಪಕ್ಕದಲ್ಲಿ ಕೂತ ಮುದುಕಿ "ಪರೀಕ್ಷಿಗೆ ಕುಂತೀಯೇನ ಯವ್ವಾ?" ಎಂದು ಕೇಳಿದಳು. ಹೌದೆಂದೆ. ಸಾಲಿ ಬಿಟ್ಟ ಮೇಲೆ ಲೆಕ್ಕದ ಮೇಲೆ ಇಷ್ಟು ಪ್ರೀತಿ ನನಗೆ ಬಂದದ್ದೇ ಇಲ್ಲ. ತಾವರಗೇರಾ ಬಂದದ್ದೇ ತಿಳಿಯಲಿಲ್ಲ, ಕಂಡಕ್ಟರ್ ಕೂಗಿ ಇಳಿಸಿದ.

ಅಂಗಡಿಯಲ್ಲಿ ಆ ವಾರ ನನ್ನದೇ ರಾಜ್ಯ. ಕೈಯಲ್ಲಿನ ಪಂಪು ಮುಗಿಸಿದ ಕೂಡಲೇ ಸಣ್ಣ ತಂತಿ ಹಿಡಿದು ಕೂಡುತ್ತಿದ್ದೆ. ತೆಳು ಉರುಳೆಯನ್ನೇ ಆರಿಸಿದೆ, ಒಂಟಿ ಎಳೆ. ನನ್ನ ಬೆರಳು ಹಟ ಹಿಡಿದವು ನೋಡಿ. ಒಂಟಿ ಎಳೆ ಸುತ್ತುವಾಗ ಕಳ್ಳತನ ಮಾಡಿದ ಹಾಗೆ ಅನಿಸುತ್ತಿತ್ತು. ಮೊದಲನೆಯದು ಸುತ್ತುಗಳು ಒಂದರ ಮೇಲೊಂದು ಹತ್ತಿದವು, ಒಗೆದೆ. ಎರಡನೆಯದರ ಕಾಲು ಬಟ್ಟಲಿನ ಅಂಚಿಗೆ ತಾಗುತ್ತಿತ್ತು, ಒಗೆದೆ. ಮೂರನೆಯದು ಏಳು ಸುತ್ತು, ನೀಟಾಗಿ ಬಂತು. ಮೀಟರ್ ಹಿಡಿಯುವ ಮೊದಲು ಅದರ ಎರಡು ಕಡ್ಡಿಗಳನ್ನೇ ಒಂದಕ್ಕೊಂದು ಮುಟ್ಟಿಸಿದೆ, ಹಿರಿಯರು ಹೇಳಿಕೊಟ್ಟಿದ್ದರು. ಪಾಯಿಂಟ್ ಮೂರು ತೋರಿಸಿತು. ಅದು ಮೀಟರಿನ ವೈರಿನದೇ ಪಾಲು, ಕಳೆಯಬೇಕು. ಕಾಯಿಲಿಗೆ ಹಿಡಿದರೆ ಒಂದು ಪಾಯಿಂಟ್ ಏಳು. ಆ ಪಾಯಿಂಟ್ ಮೂರು ಕಳೆದರೆ ಒಂದು ಪಾಯಿಂಟ್ ನಾಲ್ಕು. ಭಾಗಿಸಿದೆ. ಮೂರು! ಸರಿಯಾಗಿ ಮೂರು ಆಂಪಿಯರ್! ಇಪ್ಪತ್ತು ಕೊಡಬಲ್ಲ ಸೆಲ್ಲಿನಿಂದ ಮೂರೇ ಮೂರು!

"ರೀ, ಬರ್ರಿ ಇಲ್ಲೆ! ಮೂರು ಬಂತು!" ಎಂದು ನಾನು ಕೂಗಿದ್ದಕ್ಕೆ ನಮ್ಮ ಮನೆಯವರು ಓಡಿಬಂದರು, ಮತ್ತೆ ಬೆಂಕಿ ಹತ್ತಿತೆಂದು ಇಕ್ಕಳ ಹಿಡಿದುಕೊಂಡೇ ಬಂದಿದ್ದರು. ಇಬ್ಬರೂ ನಕ್ಕು ನಕ್ಕು ಸುಸ್ತಾದೆವು.

ಕೊಳವೆಯ ಮಸಿ ತಿಕ್ಕಿ ತೊಳೆದೆ. ಬುಡದಲ್ಲಿ ಸೂಜಿಮೊನೆಯಂಥ ನಾಲ್ಕು ತೂತುಗಳಿದ್ದವು. ಒಳಗೆ ಏನಾದರೂ ಆದರೆ ಹೊಗೆ ಹೊರಹೋಗಲು ಇಟ್ಟ ದಾರಿ. ಅವು ಮುಚ್ಚಿದ್ದವು, ಸೂಜಿಯಿಂದ ಬಿಡಿಸಿದೆ. ಹೊಸ ಸ್ಪ್ರಿಂಗ್ ಹಾಕಿದೆ, ಗುಂಡಿ ನೂರು ಸಲ ಒತ್ತಿ ಬಿಟ್ಟು ನೋಡಿದೆ, ಒಂದು ಸಲವೂ ಅಂಟಲಿಲ್ಲ. ಜೇಬಿನಲ್ಲಿ ತಾನಾಗಿ ಒತ್ತಿಕೊಳ್ಳದಂತೆ ಗುಂಡಿಗೆ ಒಂದು ಬಿಗಿಯುವ ಬಳೆಯೂ ಇತ್ತು, ಅದನ್ನು ಮೊದಲ ದಿನ ನಾನು ಅಲಂಕಾರ ಎಂದುಕೊಂಡಿದ್ದೆ! ಮರಳ ಗುಡ್ಡೆಯ ಪಕ್ಕದಲ್ಲೇ ಶಿಕಂಜೆ ಇಟ್ಟು ಪರೀಕ್ಷೆ ಮಾಡಿದೆವು. ಮೂರು ಸೆಕೆಂಡು ಒತ್ತುವುದು, ಬಿಡುವುದು. ಕಾಯಿಲ್ ಅವಸರ ಮಾಡಲಿಲ್ಲ. ನಿಧಾನಕ್ಕೆ ಕಾದು, ತೆಳ್ಳಗೆ ಆವಿ ಬಿಟ್ಟಿತು. ಇಪ್ಪತ್ತು ಸಲ ಆದ ಮೇಲೆ ಕೊಳವೆಗೆ ಕೈ ಹಚ್ಚಿದೆ. ತಣ್ಣಗಿತ್ತು. ಅದನ್ನು ಕೆನ್ನೆಗೂ ಹಚ್ಚಿಕೊಂಡೆ. ಏನು ಸುಖ ಅಂತೀರಿ!

ಹೇಳಿದಂತೆ ಹತ್ತನೆಯ ದಿನ ಅಣ್ಣ ಬಂದ. ಬಸ್ ಇಳಿದು ಇಷ್ಟು ದೂರ ನಡೆಯುವುದರೊಳಗೆ ಎರಡು ಸಲ ನಿಂತು ಕೆಮ್ಮಿದ್ದನ್ನು ಅಂಗಡಿಯ ಬಾಗಿಲಿನಿಂದಲೇ ನೋಡಿದೆ. ನೋಡಿದೆ ಅಷ್ಟೇ, ನಿಲ್ಲಲು ನನಗೆ ಪುರುಸೊತ್ತಿರಲಿಲ್ಲ. ಅವನನ್ನು ಕೂರಿಸಿ ಕಥೆ ಶುರುಮಾಡಿದೆ. ಹಾಳೆ ಬಿಡಿಸಿ ತೋರಿಸಿದೆ. ಸೆಲ್ಲಿನ ಅಂಗಿ ತೋರಿಸಿದೆ, ತಲೆಯ ಉಂಗುರ ತೋರಿಸಿದೆ, ಬುಡದ ತೂತುಗಳಿಗೆ ಊದಿ ತೋರಿಸಿದೆ. ಅಂಗಿ ಹರಿದರೆ ಆ ಸೆಲ್ ಮುಟ್ಟಬೇಡ, ಬಿಡಿ ಸೆಲ್ ಜೇಬಿಗೆ ಹಾಕಬೇಡ, ಮೂರು ಸೆಕೆಂಡಿಗಿಂತ ಹೆಚ್ಚು ಒತ್ತಬೇಡ, ಕೊಳವೆ ಬೆಚ್ಚಗಾದರೆ ಅಲ್ಲೇ ಕೆಳಗಿಡು. ಅವನು ಪ್ರತಿಯೊಂದಕ್ಕೂ "ಹೂನವಾ, ಹೂನವಾ" ಎಂದು ತಲೆಯಾಡಿಸಿದ. ಕಣ್ಣು ಮಾತ್ರ ಆ ಕೊಳವೆಯ ಮೇಲೆಯೇ ಇತ್ತು.

"ಆತಲ್ಲ? ಕೊಡಿನ್ನ," ಎಂದು ಕೈ ಚಾಚಿದ.

"ತಡಿ, ಒಂದ್ ಮಾತು. ಮೂರ ಆಂಪಿಯರ್‌ಗೆ ಹೊಗಿ ಸಾಕಾಗತೈತಿಲ್ಲೋ, ಗಂಟಲಿಗೆ ಎಷ್ಟು ಬಿಸಿ ಹತ್ತತೈತಿ, ಅದೊಂದು ನೋಡಿಲ್ಲ. ನಾ ಒಂದ್ ಜುರ್ಕಿ ಎಳದು ನೋಡಿ ಕೊಡ್ತೀನಿ."

ಹೇಳುತ್ತಲೇ ಅರಳೆಗೆ ಎರಡು ಹನಿ ರಸ ಹಾಕಿ, ನಳಿಕೆಯನ್ನು ನನ್ನ ತುಟಿಗೆ ಇಟ್ಟುಕೊಂಡು, ಗುಂಡಿಯ ಮೇಲೆ ಹೆಬ್ಬೆರಳು ಇಟ್ಟೆ. ಒತ್ತಿರಲಿಲ್ಲ. ಅಣ್ಣ ಕುರ್ಚಿ ಉರುಳಿಸಿ ಎದ್ದು ನನ್ನ ಮುಂಗೈಯನ್ನು ಹಿಡಿದುಬಿಟ್ಟ. ನನ್ನ ಎರಡು ಗಾಜಿನ ಬಳೆ ಚೂರಾದವು.

"ಬ್ಯಾಡ!"

"ಸಿಡಿಯೂದಿಲ್ಲೋ ಮಾರಾಯ! ಇಷ್ಟೊತ್ತು ಏನ್ ಹೇಳಿದ್ನಿ ನಾನು? ಬರೇ ಮೂರು..."

"ಸಿಡಿಯೂ ಮಾತಲ್ಲವಾ. ಅದು ನಿನ್ನ ಎದಿಯೊಳಗ ಹೋಗೂದು ಬ್ಯಾಡ."

ಅವನ ಮುಖ ಕೆಂಪಾಗಿತ್ತು, ಉಸಿರು ಸಿಕ್ಕಿಕೊಂಡು ಮಾತು ಅರ್ಧಕ್ಕೇ ನಿಂತಿತು. ಕೆಮ್ಮು ಬಂತು. ಕೆಮ್ಮುತ್ತಲೇ ಇದ್ದ, ಆದರೂ ನನ್ನ ಕೈ ಬಿಡಲಿಲ್ಲ. ನಾನು ಅವನ ಮುಖವನ್ನೇ ನೋಡಿದೆ. ಹತ್ತು ದಿನ ನಾನು ಸೆಲ್ಲಿನ ಬಗ್ಗೆ ಯೋಚಿಸಿದ್ದೆ, ತಂತಿಯ ಬಗ್ಗೆ, ಸ್ಪ್ರಿಂಗಿನ ಬಗ್ಗೆ, ಅವನ ತುಟಿ, ಕೆನ್ನೆ, ಬೆರಳಿನ ಬಗ್ಗೆಯೂ ಯೋಚಿಸಿದ್ದೆ. ಆ ಆವಿ ಒಳಗೆ ಹೋಗಿ ಎಲ್ಲಿ ಕೂಡುತ್ತದೆ ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ. ನನಗೆ ನಾಚಿಕೆಯಾಯಿತು, ದುಃಖ ಉಕ್ಕಿ ಬಂತು.

"ನನ್ನ ಎದಿಗೆ ಬ್ಯಾಡಾದದ್ದು ನಿನ್ನ ಎದಿಗೆ ಹೆಂಗ ನಡೀತೈತಿ ಅಣ್ಣಾ?" ಎಂದೆ.

ಅವನು ಉರುಳಿದ ಕುರ್ಚಿ ಎತ್ತಿ ನಿಲ್ಲಿಸಿ, ಅದರ ಮೇಲೆ ಕೂತು, ಮಾಡಿನ ಕಡೆ ನೋಡಿದ. ಆಮೇಲೆ ನನ್ನ ಕೈಯಿಂದ ಕೊಳವೆ ತೆಗೆದುಕೊಂಡು, ನಾನು ಹೇಳಿಕೊಟ್ಟಂತೆಯೇ ಬುಡ ತಿರುಗಿಸಿ ಬಿಚ್ಚಿ, ಸೆಲ್ಲನ್ನು ಹೊರಗೆ ಜಾರಿಸಿ, ಅದರ ಡಬ್ಬಿಯಲ್ಲಿ ಹಾಕಿ ನನ್ನ ಮುಂದೆ ಸರಿಸಿದ. ಅಂಗಿ ಜೇಬಿನಿಂದ ಸಿಗರೇಟಿನ ಪ್ಯಾಕನ್ನೂ ತೆಗೆದು ಅದರ ಪಕ್ಕದಲ್ಲಿಟ್ಟ.

"ಇವತ್ತ ಸೇದೂದಿಲ್ಲ," ಎಂದ. "ನಾಳಿಂದು ಗೊತ್ತಿಲ್ಲವಾ. ನಾಳೆ ಮುಂಜಾನೆ ಫೋನ್ ಮಾಡಿ ಕೇಳು."

ಮರುದಿನ ಮುಂಜಾನೆ ಫೋನ್ ಮಾಡಿದೆ. "ಇಲ್ಲ" ಎಂದ. ಅಂದಿನಿಂದ ದಿನಾ ಅಂಗಡಿಯ ಬಾಗಿಲು ತೆಗೆದ ಕೂಡಲೇ ಮಾಡುತ್ತೇನೆ, ಬೇರೆ ಮಾತಿಲ್ಲ, "ಸೇದಿಯೇನು?" ಎಂಬುದೊಂದೇ. ಹೆಚ್ಚಿನ ದಿನ "ಇಲ್ಲ" ಎನ್ನುತ್ತಾನೆ. ಕೆಲವು ದಿನ ಫೋನ್ ಎತ್ತುವುದೇ ಇಲ್ಲ. ಆ ದಿನ ನಾನು ಕೈಯಲ್ಲಿನ ತಂತಿ ಕೆಳಗಿಟ್ಟು, ಅವನು ಎತ್ತುವ ತನಕ ಮಾಡುತ್ತಲೇ ಇರುತ್ತೇನೆ.